ಖಲೀಫರ ಕಣ್ಣಿಗೆ ಚದುರಂಗದ ಪೊರೆ

ನಹ್ರ್‌ಸಫಾ, ಖೂಜಿಸ್ತಾನ
ಹಿಜರಿ ೧೭೭, ಜಮಾದಿಲಾಖಿರ್ ಒಂಬತ್ತು

ಮುದ್ದು ತಮ್ಮ ಉಬೈದನಿಗೆ ಅಕ್ಕ ಲುಬಾನಾಳ ಸಲಾಮು.

ಹೇಗಿದ್ದೀಯಪ್ಪಾ? ಬಾಗ್ದಾದಿನ ಸೆಕೆಗೆ ಮೂಗಿನಲ್ಲಿ ರಕ್ತ ಬರುತ್ತಿದ್ದುದು ನಿಂತಿತೇ? ಅಂಚೆಯ ದಿವಾನು ಕಚೇರಿಯಲ್ಲಿ ದಿನವಿಡೀ ಬಗ್ಗಿ ಊರೂರಿನ ವರದಿ ಓದಿದರೆ ಕತ್ತು ಒಂಟೆಯದಾದೀತು, ಎಳ್ಳೆಣ್ಣೆ ಹಚ್ಚಿಕೋ. ನಾವು ಕ್ಷೇಮ. ಈ 'ಕ್ಷೇಮ' ಎಂಬ ಮಾತು ಬರೆಯುವಾಗಲೇ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದು ಕೇಳು.

ನಿನ್ನ ಭಾವ ಸಹ್ಲ್ ಮಹಾಶಯರು ಈ ಊರಿನ ಅಂಚೆ ಅಧಿಕಾರಿಯಾಗಿ ಬಂದಾಗ ನನ್ನನ್ನು ಎದುರಿಗೆ ಕೂರಿಸಿಕೊಂಡು ಸಾಮ್ರಾಜ್ಯದ ವ್ಯವಸ್ಥೆಯನ್ನೆಲ್ಲ ಬೋಧಿಸಿದ್ದರು. ಆಳುವವನು ಅಮೀರ, ನ್ಯಾಯ ಹೇಳುವವನು ಖಾಜಿ, ಇಬ್ಬರ ಮೇಲೂ ಕಣ್ಣಿಟ್ಟು ನೇರವಾಗಿ ರಾಜಧಾನಿಗೆ ಬರೆಯುವವನು ಅಂಚೆಯವನು. ಅವನ ಚೀಲವನ್ನು ಅಮೀರನೂ ಮುಟ್ಟುವಂತಿಲ್ಲ, ಅಮೀರನ ಮನೆಯ ನೀರನ್ನು ಅವನೂ ಮುಟ್ಟುವಂತಿಲ್ಲ. "ನಾನು ಖಲೀಫರ ಕಣ್ಣು ಕಣೇ!" ಅಂದಿದ್ದರು. ಆ ಕಣ್ಣು ಈಗ ಗೊರಕೆ ಹೊಡೆಯುತ್ತಿದೆ ತಮ್ಮಾ.

ನಮ್ಮ ಅಮೀರ ಖುಜೈಮಾ ಇದ್ದಾನಲ್ಲ, ಕಾಲುವೆಗೆ ಅಡ್ಡ ಕಟ್ಟಿ ನೀರನ್ನೆಲ್ಲ ತನ್ನ ಕಬ್ಬಿನ ತೋಟಕ್ಕೆ ತಿರುಗಿಸಿಕೊಂಡಿದ್ದಾನೆ. ಕೆಳಗಿನ ಕೇರಿಯ ಭತ್ತ ಹೊಡೆ ಬಿರಿಯುವ ಹೊತ್ತಿಗೆ ಗದ್ದೆ ಬಾಯಿ ಬಿಟ್ಟಿತು. ರೈತರು ಖಾಜಿ ಹಯ್ಯಾನರ ಮುಂದೆ ಹೋದರು. ಆ ಮುದುಕರು ಹೆದರದೆ, "ನೀರಿನ ಸರದಿ ಕೇರಿಯದು, ಕಟ್ಟೆ ಒಡೆಯಿರಿ" ಎಂದು ತೀರ್ಪು ಕೊಟ್ಟರು. ಮರುದಿನವೇ ಅವರ ಬಾಗಿಲಿಗೆ ಕಾವಲು ಬಿತ್ತು. ಇಂದಿಗೆ ಇಪ್ಪತ್ತೆರಡು ದಿನ! ಇನ್ನೊಂದು ವಾರ ನೀರು ಬಾರದಿದ್ದರೆ ಕೇರಿಯವರು ಅಕ್ಕಿರೊಟ್ಟಿಯ ವಾಸನೆಯನ್ನೂ ಮರೆಯಬೇಕು. ನಿನ್ನ ಭಾವ ಇದನ್ನೆಲ್ಲ ಪ್ರತಿ ವರದಿಯಲ್ಲೂ ಹೇಗೆ ಬರೆಸಿದರು ಗೊತ್ತೇ? "ಊರು ಕ್ಷೇಮ. ಖಾಜಿಯವರಿಗೆ ನೆಗಡಿ." ಅದನ್ನು ನೀನೇ ಓದಿ ಕಪಾಟಿನಲ್ಲಿಟ್ಟಿರಬೇಕು, ಪೆದ್ದ! ಇಪ್ಪತ್ತೆರಡು ದಿನ ಬಿಡದ ನೆಗಡಿ ಯಾವುದೆಂದು ಕೇಳಬೇಡವೇ?

ಲಂಚ ತಿಂದರೆಂದು ತಿಳಿಯಬೇಡ. ಅಮೀರ ಕಳಿಸಿದ ಕುರಿಯನ್ನು ಬಾಗಿಲಿನಿಂದಲೇ ಅಟ್ಟಿದವರು. ಅವನ ಕರಬೂಜವನ್ನು ಮೂಸಿಯೂ ನೋಡದವರು. ಆದರೆ ಅಮೀರ ಘಾಟಿ. ದಿನವೂ ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ಇವರನ್ನು ಕರೆಸಿಕೊಂಡು ಚದುರಂಗ ಹೂಡುತ್ತಾನೆ, ದಿನವೂ ಸೋಲುತ್ತಾನೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನನ್ನ ಮೇಲೆ ಒಂದಾಟ ಗೆಲ್ಲದ ಗಂಡಸು ಈಗ ಎದೆಯುಬ್ಬಿಸಿಕೊಂಡು ಬಂದು, "ಇವತ್ತೂ ಕಟ್ಟಿಹಾಕಿಬಿಟ್ಟೆ ಕಣೇ ಅವನ ರಾಜನನ್ನ!" ಅನ್ನುತ್ತಾರೆ. "ಅವನು ನಿಮ್ಮನ್ನೇ ಕಟ್ಟಿಹಾಕಿದಾನೆ, ಆನೆ ಯಾವುದು ಕುದುರೆ ಯಾವುದು ಅಂತ ನಿಮಗೆ ಕಲಿಸಿದೋಳು ನಾನಲ್ವಾ?" ಅಂದೆ. "ಹೊಟ್ಟೆಕಿಚ್ಚು!" ಎಂದರು. "ಸೋತಾಗಲೂ ನಗುನಗ್ತಾ ಇರ್ತಾನೆ, ಅಂಥೋನು ಕೆಟ್ಟೋನಾಗಿರೋಕೆ ಸಾಧ್ಯಾನಾ?" ಎಂದೂ ಕೇಳಿದರು. ಇದು ಖಲೀಫರ ಕಣ್ಣು ಕೇಳಿದ ಪ್ರಶ್ನೆ!

ಮೊನ್ನೆ ಖಾಜಿಯವರ ಹೆಂಡತಿ ಸುಕೈನಾ ಗೋಡೆಯಾಚೆಯಿಂದ, "ಲುಬಾನಾ, ನಿನ್ ಗಂಡನ ಕಣ್ಣಿಗೆ ಪೊರೆ ಬಂದಿದೆಯೇನೇ? ನಮ್ಮನೆ ಮುಂದೆ ಈಟಿ ಹಿಡಕೊಂಡು ನಿಂತೋರು ಕಾಣಲ್ವಾ?" ಎಂದಳು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಆಕೆ ಅಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆ ರಾತ್ರಿಯ ಊಟಕ್ಕೆ ನಾನು ನಿನ್ನ ಭಾವನಿಗೆ ಬಡಿಸಿದ್ದು ಉಪ್ಪಿಲ್ಲದ ಮೀನು. "ಚೆನ್ನಾಗಿದೆ" ಎಂದು ತಿಂದರು. ನಾಲಿಗೆಯೂ ವರದಿ ಕೊಡುವುದನ್ನು ಬಿಟ್ಟಿದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಅಲ್ಲಾಹನು ನಿನ್ನ ಕಣ್ಣುಗಳನ್ನು ಚುರುಕಾಗಿಟ್ಟಿರಲಿ. ಚಿಕ್ಕಮ್ಮನಿಗೆ ನನ್ನ ಸಲಾಮು ಹೇಳು.

ನಿನ್ನ ಅಕ್ಕ,
ಲುಬಾನಾ

ಮರೆತೆ: ಅಂಚೆಯ ಹೇಸರಗತ್ತೆಗೆ ಜೀನು ಬಿಗಿಯುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಇವರ ಅಕ್ಷರ ಕೋಳಿ ಕೆದರಿದಂತಿರುತ್ತದಲ್ಲ, ಹಾಗಾಗಿ ವರದಿಯನ್ನು ಇವರು ಹೇಳುವುದು, ನಾನು ಬರೆಯುವುದು. ಇಂದೂ "ಊರು ಕ್ಷೇಮ" ಎಂದೇ ಹೇಳಿದರು. ನಾನು ಕಂಡದ್ದನ್ನು ಬರೆದೆ: ಕಟ್ಟೆ, ಕಾವಲು, ಒಣಗಿದ ಗದ್ದೆ, ಕೊನೆಗೆ ಚದುರಂಗವನ್ನೂ. ಆಟಕ್ಕೆ ಹೊತ್ತಾಯಿತೆಂದು ಇವರು ಓದದೆಯೇ ಮುದ್ರೆ ಒತ್ತಿ ಹೋದರು. ಸರ್ಕಾರಿ ಚೀಲದಲ್ಲಿ ಮನೆಯ ಪತ್ರ ತೂರಿಸುವುದು ತಪ್ಪೆಂದು ಗೊತ್ತು, ಇದನ್ನು ಓದಿ ಹರಿದುಹಾಕು. ವರದಿಯನ್ನು ಮಾತ್ರ ಮೇಲಿನವರ ಕೈಗೇ ಕೊಡು. ಇವರ ಕೆಲಸ ಹೋಗುತ್ತದೆ, ಬಲ್ಲೆ. ಅಕ್ಕನ ಮುಖ ನೋಡಿ ಅದನ್ನು ಕಂತೆಯ ಅಡಿಗೆ ಹಾಕಬೇಡ ಮಗಾ. ಹಾಕಿದರೆ ನಮ್ಮ ಮನೆಯಲ್ಲಿ ಕುರುಡರು ಇಬ್ಬರಾದಂತೆ.