ಟವೆಲಿನಲ್ಲಿ ಸುತ್ತಿದ ಮದರ್‌ಬೋರ್ಡು

ಓಬಳಯ್ಯ,

ನೀನೀಗ ಯಾವ ಊರಲ್ಲಿದ್ದೀಯೋ ಗೊತ್ತಿಲ್ಲ. ಶಿರಾದ ನಮ್ಮ ರೇಡಿಯೊ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಸೋವಿಯೆಂದು ಮೆಮೊರಿ ಪಟ್ಟಿಗಳನ್ನು ಮೊದಲೇ ಕೊಂಡೆ; ಆಮೇಲೆ ತಂದ ಮದರ್‌ಬೋರ್ಡಿನಲ್ಲಿ ಆ ಪಟ್ಟಿಗಳು ಕೂರಲಿಲ್ಲ, ಬಿಡಿ ಮೆಮೊರಿ ಚಿಪ್ಪುಗಳಿಗಷ್ಟೇ ಜಾಗ. ಟೈಪಿಂಗ್ ಶಾಲೆಯ ನಾಗಕ್ಕ, "ಸೋಮ್ವಾರ ಕಂಪ್ಯೂಟ್ರು ಬರ್ದಿದ್ರೆ ನಿನ್ನೇ ಟೇಬಲ್ ಮ್ಯಾಲೆ ಕೂರುಸ್ತೀನಿ" ಅಂದಿದ್ದಾಳೆ.

ಇವತ್ತು ಬೋರ್ಡನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಹೊಂದುವ ಚಿಪ್ಪು ತರಲು ಬೆಂಗಳೂರಿಗೆ ಹೋದೆ. ನಮ್ಮಲ್ಲಿ ಕೆಲಸಕ್ಕಿದ್ದಾಗ ನೀನು ರೇಡಿಯೊದ ಹಳೇ ವಾಲ್ವು ಹಿಡಿದು ಅದಕ್ಕೆ ಸರಿಹೊಂದುವ ಹೊಸದು ತರಲು ಹೊರಟಾಗಲೆಲ್ಲ, "ಏನ್ಲಾ, ಹೆಣ್ಣಿನ ಬಳೆ ಅಳತೆ ತಗೊಂಡ್ ಹೊಂಟಂಗೈತೆ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದವನು ನಾನೇ. ಒಂದು ದಿನ ನೀನು ಹೋದವನು ಬರಲೇ ಇಲ್ಲ.

ಬೆಂಗಳೂರಿನ ಅಂಗಡಿಯವನು ಚಿಪ್ಪುಗಳನ್ನು ಬೋರ್ಡಿನಲ್ಲಿ ಕೂರಿಸಿ ನೋಡಿ, "ಬೋರ್ಡ್ ತಂದಿದ್ದು ಒಳ್ಳೇದಾಯ್ತು. ಯಾರು ಹೇಳ್ಕೊಟ್ರು?" ಎಂದ.

"ನಮ್ಮ ಓಬಳಯ್ಯ."

"ಅವರನ್ನೂ ಕರ್ಕೊಂಡು ಬರ್ಬೇಕಿತ್ತು."

ನಾನು ಟವೆಲನ್ನು ಕೊಡವಿ ಮಡಿಸಿದೆ. ಮತ್ತೊಮ್ಮೆ ಬಿಚ್ಚಿ ಮಡಿಸಿದೆ.

ನರಸಪ್ಪ