ಮೀನೆಣ್ಣೆಯ ಗುಳಿಗೆ

ಜನವರಿ 11, 2023. ಬುಧವಾರ

ಎಂಟಕ್ಕೆ ವಾರ್ಡ್ ರೌಂಡ್ಸ್. ಹನ್ನೊಂದಕ್ಕೆ ಸ್ಕ್ಯಾನ್ ಮೀಟಿಂಗ್ — ಯಾರೂ ಸಮಯಕ್ಕೆ ಬರಲಿಲ್ಲ, ನಾನೂ ಸೇರಿ. ಸಂಜೆ ಕುಮಾರಪುರಂಗೆ, ಈಪ್ಪನ್ ಸಾರ್ ಮನೆಗೆ. ಒಂದು ಬುಧವಾರವೂ ತಪ್ಪಿಸಿಲ್ಲ.

ಸಾರ್‌ಗೆ ಪಾರ್ಶ್ವವಾಯು ಬಡಿದು ಇವತ್ತಿಗೆ ಹತ್ತು ವಾರ. ಬಲಗೈ ಬಿದ್ದುಹೋಗಿದೆ. ಮಾತಿಲ್ಲ. ಒಂದೇ ಒಂದು ಪದ ಉಳಿದಿದೆ — 'ನಾಳೆ'. ಗಂಜಿ ಬೇಕಾ ಅಂದರೂ ನಾಳೆ, ನೋವಾ ಅಂದರೂ ನಾಳೆ. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ; ಹೊರಗೆ ಬರುವುದು ಅದೊಂದೇ. ಇಂಥವರ ಮೆದುಳಿನ ಚಿತ್ರ ತೆಗೆದು, ಕಳೆದ ಮಾತು ಹೇಗೆ ಮರಳುತ್ತದೆ ಎಂದು ಮೂವತ್ತು ವರ್ಷ ಹುಡುಕಿದವರು. ನನಗೆ ಈ ಕೆಲಸ ಕಲಿಸಿದವರು.

ಹಾಡಿನ ಅಭ್ಯಾಸ ನಡೆದಿತ್ತು. ಸಾರ್ ಹೆಂಡತಿ ಏಲಿಯಾಮ್ಮ ಆಂಟಿ ರಾಗವಾಗಿ 'ನೀರು ಬೇಕು' ಅನ್ನುತ್ತಾರೆ, ಸಾರ್ ಎಡಗೈಯಲ್ಲಿ ತೊಡೆ ತಟ್ಟುತ್ತಾ ಗುನುಗುತ್ತಾರೆ. ದಿನಕ್ಕೆ ಎರಡು ಗಂಟೆ. ಎಲ್ಲ ನಮ್ಮ 2004ರ ಪೇಪರಿನ ಪ್ರಕಾರ. ಮಾತಿನ ಮನೆ ಮೆದುಳಿನ ಎಡಬದಿ. ಅದು ಕೆಟ್ಟರೆ ಬಲಬದಿ ಕಲಿತುಕೊಳ್ಳುತ್ತದೆ, ಎಡವನ್ನು ಕೆಣಕದೆ ಬಿಡಿ — ಹಾಗೆ ಬರೆದಿದ್ದೆವು. ಸಾರ್ ಮತ್ತು ನಾನು. ಅದಕ್ಕೇ, ಮಾತು ಕಲಿಸಲು ಬರುವ ಧನ್ಯ ಚಿತ್ರದ ಕಾರ್ಡು ಹೊರತೆಗೆದರೆ ಸಾರ್ ತಳ್ಳಿಬಿಡುತ್ತಾರೆ. ಹಾಡು ಮಾತ್ರ ಸಾಕು.

"ನಲವತ್ತು ವರ್ಷ ನನ್ನ ಬಾಯಿ ತೆರೆಯೋಕೆ ಬಿಡ್ಲಿಲ್ಲ ಕಣೇ ವತ್ಸಲಾ," ಅಂದರು ಆಂಟಿ. "ಈಗ ಒಂದೇ ಪದ ಇಟ್ಕೊಂಡೂ ಜಗಳದಲ್ಲಿ ಗೆಲ್ತಾರೆ."

"ನಾಳೆ," ಅಂದರು ಸಾರ್, ಗದರುವ ಹಾಗೆ. ಆಮೇಲೆ ನಕ್ಕರು. ಅರ್ಧ ಮುಖ ಮಾತ್ರ.

ಮೊದಲ ಆರು ತಿಂಗಳಲ್ಲಿ ಬಂದಷ್ಟು ಬಂತು, ಆಮೇಲೆ ಬರುವುದು ಕಡಿಮೆ. ಇದನ್ನು ಸಾರ್‌ಗೆ ಯಾರೂ ಹೇಳಬೇಕಾಗಿಲ್ಲ. ಕ್ಯಾಲೆಂಡರಿನಲ್ಲಿ ಮೇ 2ರ ಸುತ್ತ ಎಡಗೈಯಲ್ಲಿ ಸೊಟ್ಟ ವೃತ್ತ ಎಳೆದಿದ್ದಾರೆ.

ಜನವರಿ 17

ನನ್ನ ವಿದ್ಯಾರ್ಥಿನಿ ಶಹನಾಸ್ ಆ ಪೇಪರಿನ ಇಪ್ಪತ್ತೆರಡು ರೋಗಿಗಳ ಹಳೆಯ ಸ್ಕ್ಯಾನುಗಳನ್ನು ಹೊಸ ಸಾಫ್ಟ್‌ವೇರಿಗೆ ಹಾಕುತ್ತಿದ್ದಾಳೆ. ತಲೆಯ ಅಂಚಿನಲ್ಲಿ ಬಿಳಿ ಚುಕ್ಕೆ ನೋಡಿ, "ಮ್ಯಾಡಂ, ಇದೇನು ಗಡ್ಡೆನಾ?" ಅಂದಳು.

ನಕ್ಕುಬಿಟ್ಟೆ. ಮೀನೆಣ್ಣೆಯ ಗುಳಿಗೆ. ಆ ಹಳೆಯ ಮೆಷೀನಿನ ಚಿತ್ರಗಳಲ್ಲಿ ಎಡ ಯಾವುದು ಬಲ ಯಾವುದು ಎಂದು ನಂಬುವ ಹಾಗಿರಲಿಲ್ಲ. ಅದಕ್ಕೆ ರೋಗಿಯ ಹಣೆಯ ಬಲಗಡೆ ಒಂದು ಗುಳಿಗೆ ಅಂಟಿಸುತ್ತಿದ್ದೆವು. ಚುಕ್ಕೆ ಎಲ್ಲಿದೆಯೋ ಅದೇ ಬಲ. ಸಾರ್ ನಿಯಮ — ರೋಗಿಯ ಹಿಂದೆ ನಿಂತೇ ಅಂಟಿಸಬೇಕು. "ಎದುರು ನಿಂತ್ರೆ ನಿನ್ನ ಬಲ ಅವನ ಎಡ. ದೊಡ್ಡ ದೊಡ್ಡವರೇ ಇಲ್ಲಿ ಮುಗ್ಗರಿಸಿದ್ದಾರೆ." ನೂರು ಸಲ ಕೇಳಿದ್ದೇನೆ.

ಜನವರಿ 20. ಶುಕ್ರವಾರ

ಶಹನಾಸ್ ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ.

"ಮ್ಯಾಡಂ, ಒಂಬತ್ತು ಜನರ ಗಾಯ ಬಲಗಡೆ ಕಾಣ್ತಿದೆ."

"ಎಲ್ಲರಿಗೂ ಎಡಗಡೆಯೇ ಗಾಯ ಇದ್ದಿದ್ದು. ಬಲಗೈ ಬಿದ್ದವರನ್ನೇ ನೋಡಿ ಆರಿಸಿದ್ವಿ."

"ಅದಕ್ಕೇ ಬಂದೆ, ಮ್ಯಾಡಂ."

ಆಗಿನ ಮಸುಕು ಚಿತ್ರದಲ್ಲಿ ಗಾಯ ಕಾಣುತ್ತಿರಲಿಲ್ಲ. ಈಗ ತೆಳುವಾಗಿ ಕಾಣುತ್ತದೆ. ಚುಕ್ಕೆ ತಪ್ಪು ಬದಿಗಿದೆ. ಅದನ್ನು ನಂಬಿ ನಾವು ಚಿತ್ರವನ್ನೇ ಮಗುಚಿದ್ದೇವೆ. ರೋಗಿ ಮಾತಾಡಲು ಹೊರಟಾಗ ಚಿತ್ರದಲ್ಲಿ ಬಲಬದಿ ಬೆಳಗಿತು ಎಂದು ಕುಣಿದೆವಲ್ಲ — ಅದು ಎಡಬದಿ.

ಲಾಗ್ ಪುಸ್ತಕ ತೆಗೆದೆ. ಒಂಬತ್ತೂ 2003ರ ಡಿಸೆಂಬರಿನವು. ಟೆಕ್ನಿಷಿಯನ್ ಸುಧಾಕರನ್ ತಂಗಿಯ ಮದುವೆಗೆಂದು ರಜೆಯಲ್ಲಿದ್ದ. ಅಕ್ಷರ ನನ್ನದು. ಒಂದು ಫೋಟೋ ಕೂಡ ಸಿಕ್ಕಿತು. ಆ ಒಂಬತ್ತರಲ್ಲೊಬ್ಬ, ಕ್ಷೌರದಂಗಡಿಯ ದಾಮು ಅಣ್ಣ, ಹಣೆಗೆ ಗುಳಿಗೆ ಅಂಟಿಸಿಕೊಂಡು ನಗುತ್ತಿದ್ದಾನೆ. ಗುಳಿಗೆ ಇರುವ ಬದಿಯಲ್ಲೇ, ಕೆಳಗೆ, ಶರ್ಟಿನ ಜೇಬು. ಜೇಬು ಇರುವುದು ಎಡಗಡೆ.

ನೆನಪಿದೆ. ಆ ಮೆಷೀನಿನ ಬಾಯಿ ನೋಡಿ ಹೆದರುತ್ತಿದ್ದರು. ಮಾತು ಹೋದವರು, ಹೆದರಿಕೆ ಅಂತ ಹೇಳಲೂ ಆಗದವರು. ಹಿಂದೆ ನಿಂತರೆ ಇನ್ನೂ ನಡುಗುತ್ತಿದ್ದರು. ಅದಕ್ಕೆ ಎದುರು ನಿಂತು, ಮುಖ ನೋಡಿ, ಏನೂ ಆಗಲ್ಲ ಅನ್ನುತ್ತಾ ಅಂಟಿಸಿದೆ.

ಜನವರಿ 21

ಒಂಬತ್ತನ್ನೂ ಸರಿ ಮಾಡಿ ಮತ್ತೆ ಲೆಕ್ಕ ಹಾಕಿದೆವು. ಫಲಿತಾಂಶ ಪೂರ್ತಿ ಉಲ್ಟಾ. ಮಾತು ಮರಳಿದವರಲ್ಲಿ ಬೆಳಗಿದ್ದು ಎಡಬದಿಯ ಅಳಿದುಳಿದ ಭಾಗ. ಕೆಣಕಬೇಕಾದ್ದು ಅದನ್ನೇ. ಕಾರ್ಡು ತೋರಿಸಿ, ಹೆಸರು ಹೇಳಿಸಿ, ದಿನಾ.

ಇಷ್ಟು ವರ್ಷದಲ್ಲಿ ಎಷ್ಟು ಜನರಿಗೆ ಕಾರ್ಡು ಬೇಡ ಅಂದಿದ್ದೇನೋ. ಇಂದು ಅವರ ಮುಖಗಳೇ ಬರುತ್ತಿವೆ...

"ಸಾರ್‌ಗೆ ಹೇಳ್ಬೇಕಲ್ವಾ, ಮ್ಯಾಡಂ?"

"ಬುಧವಾರ ಹೇಳ್ತೀನಿ."

ಜನವರಿ 25. ಬುಧವಾರ

ಹೇಳಲಿಲ್ಲ. ಆಂಟಿ ಮರಗೆಣಸು, ಮೀನುಸಾರು ಬಡಿಸಿದರು. ಸಾರ್ ತೊಡೆ ತಟ್ಟಿ ತಟ್ಟಿ ಗುನುಗಿದರು. ರಾಗ ಚೆನ್ನಾಗಿ ಬರುತ್ತಿದೆ. ಪದ ಇಲ್ಲ. ನನ್ನ ಮುಖ ನೋಡಿದರು — ಚೆನ್ನಾಗಿತ್ತಾ ಎಂದು ಕೇಳುವ ಹಾಗೆ. ಹೂಂ ಅಂದೆ. ನಾಚಿಕೆಯಾಗುತ್ತದೆ ಬರೆಯಲು.

ಫೆಬ್ರವರಿ 1

ಹೋಗಲಿಲ್ಲ. ಜ್ವರ ಅಂತ ಫೋನ್ ಮಾಡಿದೆ. ಜ್ವರ ಇರಲಿಲ್ಲ.

ಫೆಬ್ರವರಿ 8. ಬುಧವಾರ

ಹೇಳಿದೆ.

ಪೇಪರ್ ವಾಪಸ್ ಪಡೆಯುವ ಪತ್ರ ಒಯ್ದಿದ್ದೆ. ಇಬ್ಬರ ಸಹಿಯೂ ಬೇಕು. ಫೋಟೋ ತೋರಿಸಿದೆ, ಜೇಬು ತೋರಿಸಿದೆ. ಎಲ್ಲ ಒಂದೇ ಉಸಿರಿನಲ್ಲಿ, ಕೇಸ್ ಓದುವ ಹಾಗೆ. ಸಾರ್ ಫೋಟೋವನ್ನೇ ನೋಡುತ್ತಿದ್ದರು. ಆಮೇಲೆ ಎಡಗೈ ಎತ್ತಿ ತಮ್ಮ ಬೆನ್ನ ಹಿಂದಕ್ಕೆ ತೋರಿಸಿದರು. ಹಿಂದೆ ಬಾಗಿಲಿದೆ. ಹೊರಗೆ ಹೋಗು ಅನ್ನುತ್ತಿದ್ದಾರೆ ಅಂದುಕೊಂಡು ಎದ್ದೆ.

"ನಾಳೆ," ಅಂದರು ಗಟ್ಟಿಯಾಗಿ, ತಲೆ ಅಡ್ಡ ಆಡಿಸಿ.

"ಹಿಂದೆ ಬಂದು ನಿಲ್ಲು ಅಂತಿದ್ದಾರೆ," ಅಂದರು ಆಂಟಿ, ಚಹಾ ಹಿಡಿದು ನಿಂತಿದ್ದವರು.

ಗಾಲಿಕುರ್ಚಿಯ ಹಿಂದೆ ನಿಂತೆ. ಸಾರ್ ಎಡಗೈಯನ್ನು ಮುಖದ ಮೇಲಿಂದ ಅಡ್ಡ ತಂದು, ಹಣೆಯ ಬಲಗಡೆ ಬೆರಳಿಟ್ಟರು. ಎರಡು ಸಲ ತಟ್ಟಿದರು. ಇಲ್ಲಿ. ಇಲ್ಲಿ ಅಂಟಿಸಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸಿದ ಹಾಗೇ. ಅತ್ತುಬಿಟ್ಟೆ. ನಾನು ಹಿಂದೆ ಇದ್ದೆ, ಅವರಿಗೆ ಕಾಣಲಿಲ್ಲ.

ಪೆನ್ನಿಗೆ ಕೈ ಚಾಚಿದರು. ಎಡಗೈಯಲ್ಲಿ ಸಹಿ. ಅರ್ಧ ಕಾಗದ ತುಂಬಿತು. ಆ ಪೇಪರ್ ಅವರ ಜೀವಮಾನದ ಕೆಲಸ.

ಆಂಟಿ ಕೇಳಿದರು, "ಇದು ಯಾವತ್ತು ಗೊತ್ತಾಯ್ತು ನಿನಗೆ?"

"ಹೋದ ತಿಂಗಳು ಇಪ್ಪತ್ತಕ್ಕೆ."

"ಹತ್ತೊಂಬತ್ತು ದಿನ. ನಾನಿಲ್ಲಿ ದಿನಾ ಎರಡು ಗಂಟೆ ಹಾಡಿಸ್ತಾ ಇದ್ದೆ. ಮೊನ್ನೆ ಜ್ವರ ಅಂದಿದ್ದೂ ಇದೇನಾ?"

"ಹೂಂ, ಆಂಟಿ."

ಚಹಾ ಕೊಡದೆ ಒಳಗೆ ಹೋದರು.

ಮಾರ್ಚ್ 22. ಬುಧವಾರ

ಈಗ ಕಾರ್ಡು ತಳ್ಳುವುದಿಲ್ಲ. ಲೋಟ — ನಾಳೆ. ಕೊಡೆ — ನಾಳೆ. ಬೆವರುತ್ತಾರೆ. ಇವತ್ತು ಮೀನಿನ ಚಿತ್ರಕ್ಕೆ 'ಮ' ಅನ್ನುವ ಹಾಗೆ ತುಟಿ ಮುಚ್ಚಿದರು. ಶಬ್ದ ಇಲ್ಲ, ತುಟಿ ಮಾತ್ರ. ಧನ್ಯ ನನ್ನ ಕೈ ಹಿಂಡಿದಳು.

ಪೇಪರ್ ವಾಪಸಾದ ಸುದ್ದಿ ಹರಡಿದೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರಲಿಲ್ಲ. ಶಹನಾಸ್ ಬಂದಳು, ಪುಟ್ಟು–ಕಡಲೆ ತಟ್ಟೆ ಹಿಡಿದು. ನನ್ನೆದುರು ಕೂತು ತಿಂದಳು.

ಏಪ್ರಿಲ್ 12

"ಮ್." ಸ್ಪಷ್ಟವಾಗಿ. ಮೂರು ಸಲ.

ಆಂಟಿ ಚಹಾ ಕೊಟ್ಟರು. ಕೊಟ್ಟು ಒಳಗೆ ಹೋದರು.

ಮೇ 2. ಮಂಗಳವಾರ

ಬುಧವಾರದವರೆಗೆ ಕಾಯಲಾಗಲಿಲ್ಲ. ಆರು ತಿಂಗಳು ಇವತ್ತಿಗೆ.

ಧನ್ಯ ಮೀನಿನ ಕಾರ್ಡು ಹಿಡಿದಳು. "ಮೀ," ಅಂದರು ಸಾರ್. ಮತ್ತೆ "ಮೀ". ಕತ್ತಿನ ನರ ಉಬ್ಬಿತು. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು, ಮತ್ತೆ ಕಾರ್ಡಿನ ಕಡೆ.

"ನಾಳೆ," ಅಂದರು. ಈ ಸಲ ಗದರಲಿಲ್ಲ, ನಗಲಿಲ್ಲ. ಕಾರ್ಡನ್ನು ಮಗುಚಿ ಇಟ್ಟರು.

ನಾನು ತಡಮಾಡಿದ್ದು ಧನ್ಯಳಿಗೆ ಗೊತ್ತಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು, "ಇಷ್ಟು ಹತ್ತಿರ ಬಂದಿದ್ರು, ಮ್ಯಾಡಂ. ಒಂದೆರಡು ವಾರ ಮುಂಚೆ ಶುರು ಮಾಡಿದ್ರೆ ಪೂರ್ತಿ ಬಂದುಬಿಡ್ತಿತ್ತೇನೋ."

ಆಂಟಿ ಅಲ್ಲೇ ಇದ್ದರು. ನನ್ನನ್ನು ಬಿಟ್ಟುಕೊಡಲಿಲ್ಲ. "ಯಾರಿಗೆ ಗೊತ್ತು," ಅಂದರು ಅಷ್ಟೇ.

ಒಂದೇ ಅಕ್ಷರ ಬಾಕಿ ಇತ್ತು. ಆ ಹತ್ತೊಂಬತ್ತು ದಿನ ನಾನು ಮುಚ್ಚಿಡದಿದ್ದರೆ...