ಒರೆಸಿದ ಏಳು ಚುಕ್ಕೆಗಳು

ಕಾರ್ತಿಕದ ಮೂವತ್ತೆಂಟನೆಯ ದಿನ, ೨೨೯೬

ಕಡಲು ಏರುವ ಮುಂಚೆ ಬದುಕಿದ್ದ ಹಳೆಯ ಕರಾವಳಿಯ ಹಿರಿಯರಿಗೆ, ಅಕ್ಕಣಿ ಮರಕಾಲ್ತಿಯ ನಮಸ್ಕಾರಗಳು.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಮಳೆ ಬಿಡುವವರೆಗೆ ತಿಂಗಳು ಮುಗಿಯುವುದಿಲ್ಲ. ಮಾತು ವಿಚಿತ್ರವಾಗಿ ಕಂಡರೂ ಕ್ಷಮಿಸಿ. ನೀವು ಮಲ್ಟಿಬೀಮ್ ಸೋನಾರ್ ಎನ್ನುತ್ತಿದ್ದುದನ್ನು ನಾವು ತಳಗಿವಿ ಎನ್ನುತ್ತೇವೆ. ದೋಣಿಯ ಅಡಿಗೆ ಕಟ್ಟಿದ ಆ ಪೆಟ್ಟಿಗೆ ನೂರಾರು ಸದ್ದಿನ ಎಳೆಗಳನ್ನು ಒಟ್ಟಿಗೇ, ಬೀಸಣಿಗೆ ಬಿಚ್ಚಿದಂತೆ, ಕೆಳಗೆ ಬಿಡುತ್ತದೆ. ಮರುದನಿ ಬರಲು ಹಿಡಿದ ಹೊತ್ತಿನಿಂದ ಆಳ ತಿಳಿಯುತ್ತದೆ, ಒಂದೊಂದು ಮರುದನಿಗೂ ನಕ್ಷೆಯಲ್ಲಿ ಒಂದು ಚುಕ್ಕೆ ಬೀಳುತ್ತದೆ. ಹೊಳೆಯ ಸಿಹಿನೀರು ಬೆರೆತಲ್ಲಿ ಸದ್ದಿನ ವೇಗ ಬದಲಾಗುವುದರಿಂದ ಎರಡು ತಾಸಿಗೊಮ್ಮೆ ದೋಣಿ ನಿಲ್ಲಿಸಿ ಅದನ್ನು ಅಳೆಯುತ್ತೇವೆ, ಅಲ್ಲೇ ಗಂಜಿ ಕುಡಿಯುತ್ತೇವೆ. ಗದ್ದೆ ಉತ್ತಂತೆ ಸಾಲು ಸಾಲಾಗಿ ಸಾಗುವುದೇ ನಮ್ಮ ಕೆಲಸ. ನಿಮ್ಮ ಊರುಗಳು ಒಂಬತ್ತು ಮಾರು ನೀರಿನಡಿ ಇವೆ. ಬಾವಿಕಟ್ಟೆ, ಬಸ್ ಸ್ಟ್ಯಾಂಡು, ಶಾಲೆಯ ಮೆಟ್ಟಿಲು, ಎಲ್ಲವೂ ಕಾಣುತ್ತವೆ. ಮೊದಮೊದಲು ಬೆರಗಾಗುತ್ತಿತ್ತು, ಈಗ ಏನೂ ಅನಿಸುವುದಿಲ್ಲ.

ನಾನು ಒರೆಸುಗಾರ್ತಿ. ಸಂಜೆ ದಡಕ್ಕೆ ಬಂದು ನಕ್ಷೆಯಿಂದ ಸುಳ್ಳು ಚುಕ್ಕೆಗಳನ್ನು ಅಳಿಸುವವಳು. ಪಕ್ಕಪಕ್ಕದ ಎರಡು ಸಾಲುಗಳಲ್ಲೂ ಕಂಡದ್ದು ನಿಜ, ಒಂದೇ ಸಾಲಿನಲ್ಲಿ ಕಂಡದ್ದು ಮೀನು: ಇದು ನಮ್ಮ ನಿಯಮ. ಹೋದ ವರ್ಷ ಮಳೆಗೆ ಮುಂಚೆ ಮುಗಿಸುವ ಅವಸರದಲ್ಲಿ ನಾನೂ ದೋಣಿಯ ಯಜಮಾನ ಹೆರಿಯಣ್ಣನೂ ಸಾಲುಗಳ ನಡುವಿನ ಅಂತರ ಹೆಚ್ಚಿಸಿದೆವು. ನಿಯಮವನ್ನು ಮಾತ್ರ ಹಾಗೆಯೇ ಇಟ್ಟುಕೊಂಡೆವು. ಒಂದು ಸಾಲಿನ ಅಂಚಿನಲ್ಲಿ ಏಳು ಚುಕ್ಕೆಗಳು ಒಂದರ ಮೇಲೊಂದು ನಿಂತಿದ್ದವು. ಪಕ್ಕದ ಸಾಲು ಅಲ್ಲಿಗೆ ಮುಟ್ಟಿರಲೇ ಇಲ್ಲ. "ಅದ್ ಮೀನ್ ಹಿಂಡ್ ಮಾರಾಯ್ತಿ, ಒರ್ಸ್ ಬಿಡ್" ಎಂದ ಹೆರಿಯಣ್ಣ. ಹೊಟ್ಟೆ ಹಸಿದಿತ್ತು. ಒರೆಸಿದೆ.

ನನ್ನ ತಮ್ಮ ನರಸ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದ. "ಅಕ್ಕ, ನಿನ್ ನಕ್ಷೆ ಇದ್ರೆ ನಾನ್ ಕಣ್ ಮುಚ್ಕಂಡ್ ಹೋತೆ" ಎನ್ನುತ್ತಿದ್ದ. ನಾನು ಒರೆಸಿದ ಎಂಟನೆಯ ದಿನ ನಡುಮಧ್ಯಾಹ್ನ ಅವನ ದೋಣಿ ಆ ಜಾಗದಲ್ಲಿ ಒಡೆಯಿತು. ಅಲ್ಲಿದ್ದದ್ದು ನಿಮ್ಮ ಹೆಂಚಿನ ಕಾರ್ಖಾನೆಯ ಚಿಮಣಿ. ಅದರ ತುದಿ ನೀರಿನ ಮಟ್ಟದಿಂದ ಅರ್ಧ ಮಾರು ಕೆಳಗಿತ್ತು. ಹದಿನೇಳು ಮಂದಿಯಲ್ಲಿ ಹದಿನಾರು ಮಂದಿ ಬದುಕಿದರು. ನರಸ ಸಿಗಲಿಲ್ಲ.

ಮತ್ತೆ ಅಳೆಯಲು ನನ್ನನ್ನೇ ಕಳಿಸಿದರು. ಈ ಸಲ ಸಾಲುಗಳನ್ನು ಒತ್ತೊತ್ತಾಗಿ ಹಾಕಿದೆವು. ನರಸನ ದೋಣಿ ಮಗ್ಗುಲಾಗಿ ಮಲಗಿದ್ದು, ಅದರ ಚುಕ್ಕಾಣಿ ಕೂಡ ಸ್ಪಷ್ಟವಾಗಿ ಮೂಡಿತು. ಅಳು ಬರಲಿಲ್ಲ. ನಕ್ಷೆಯಲ್ಲಿ ಬರೆಯಬೇಕಾದದ್ದನ್ನು ಬರೆದೆ: "ಮುಳುಗಿದ ದೋಣಿ. ಮೇಲೆ ಏಳು ಮಾರು ನೀರಿದೆ. ಸಂಚಾರಕ್ಕೆ ಅಪಾಯವಿಲ್ಲ." ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಊರವರು ಸಮಾಧಾನ ಹೇಳುತ್ತಾರೆ. ನಾನು ತಲೆಯಾಡಿಸಿ ಗಂಜಿ ಕುಡಿಯುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಊರಿನಲ್ಲಿ ಎತ್ತರವಾಗಿ ನಿಂತದ್ದು ಎಲ್ಲಿದೆ, ಎಷ್ಟು ಎತ್ತರವಿದೆ ಎಂದು ಕಲ್ಲಿನ ಮೇಲೆ ಕೆತ್ತಿ ಗುಡ್ಡದ ಮೇಲಿಡಿ. ನಾವು ಹುಡುಕಿಕೊಳ್ಳುತ್ತೇವೆ.

ಇನ್ನೊಂದು ಮಾತು. ಅಮ್ಮ ದಿನಾ ಕೇಳುತ್ತಾಳೆ, ಹೇಗೆ ತಪ್ಪಿತು ಎಂದು. ಮೀನೆಂದುಕೊಂಡೆವು ಎಂದು ಹೇಳಿದ್ದೇನೆ. ಆದರೆ ಮೀನಿನ ಹಿಂಡು ಹಾಗೆ ನೆಟ್ಟಗೆ ನಿಲ್ಲುವುದಿಲ್ಲ. ಒರೆಸುವಾಗಲೂ ಅದು ನನಗೆ ಗೊತ್ತಿತ್ತು. ನಿಮಗೆ ಹೇಳಿದರೆ ಅಮ್ಮನಿಗೆ ತಲುಪುವುದಿಲ್ಲ, ಅದಕ್ಕೇ ನಿಮಗೆ ಬರೆದೆ.